ಗುರುತು ಸಿಗಬೇಕು, ಸಿಗಬಾರದು

ಅಮೆರಿಕದ ಚಾರ್ಲ್ಸ್‌ಟನ್ ನಗರ 1931ರಲ್ಲೇ ತನ್ನ ಹಳೆಯ ಬಡಾವಣೆಯ ರಕ್ಷಣೆಗೆ ಕಾನೂನು ತಂದು, ವಾಸ್ತುಶಿಲ್ಪ ಪರಿಶೀಲನಾ ಮಂಡಳಿಯೊಂದನ್ನು ಕೂರಿಸಿತು. ಆ ದೇಶದಲ್ಲಿ ಇಂಥ ಕಾನೂನು ಅದೇ ಮೊದಲು. ಈಗ ಮನೆಯೊಡೆಯನೊಬ್ಬ ನಕ್ಷೆ ಹಿಡಿದು ಆ ಮಂಡಳಿಯ ಮುಂದೆ ನಿಂತಿದ್ದಾನೆ ಎಂದುಕೊಳ್ಳಿ. ಅವನದು ಆ ಊರಿನ ಹೆಸರಾಂತ 'ಸಿಂಗಲ್ ಹೌಸ್': ಬೀದಿಯ ಕಡೆ ಒಂದೇ ಕೋಣೆಯ ಅಗಲ, ಪಕ್ಕಕ್ಕೆ ಉದ್ದನೆಯ ಜಗಲಿ. ಅದಕ್ಕೊಂದು ಕೋಣೆ ಸೇರಿಸುವ ಆಸೆ, ಪಾಪ.

"ಹೊಸ ಕೋಣೆ ಹಳೇ ಮನೆಗೆ ಹೊಂದಬೇಕು," ಎಂದರು ಸದಸ್ಯರು.

"ಹೊಂದಿಸಿದ್ದೇನೆ ಸ್ವಾಮಿ. ಅದೇ ಇಟ್ಟಿಗೆ, ಅದೇ ಕಿಟಕಿ. ಹೊಸದೆಂದು ಗುರುತೇ ಸಿಗದು."

"ಅದೇ ತಪ್ಪು! ಗುರುತು ಸಿಗಬೇಕು."

"ಹಾಗಾದರೆ ಗಾಜಿನ ಗೋಡೆ?"

"ಅಯ್ಯೋ, ಅಷ್ಟು ಗುರುತು ಬೇಡ."

ಇದು ಸದಸ್ಯರ ತಿಕ್ಕಲುತನವಲ್ಲ. ಹಳೇ ಕಟ್ಟಡಗಳ ದುರಸ್ತಿಗೆಂದು ಅಮೆರಿಕದ ಕೇಂದ್ರ ಸರ್ಕಾರ ಹೊರಡಿಸಿದ 10 ಮಾನದಂಡಗಳಲ್ಲಿ ಒಂಬತ್ತನೆಯದು, ಹೊಸದು ಭಿನ್ನವಾಗಿರಲಿ, ಹೊಂದಿಕೆಯಾಗಿಯೂ ಇರಲಿ ಎಂದು ಒಂದೇ ಉಸಿರಿನಲ್ಲಿ ಕೇಳುತ್ತದೆ. ನಿನ್ನೆ ಕಟ್ಟಿದ್ದು ಇನ್ನೂರು ವರ್ಷದ ವೇಷ ಹಾಕಿದರೆ ಚರಿತ್ರೆಗೇ ಮೋಸ. ಹಾಗೆ ನೋಡಿದರೆ ಮಾತು ಸರಿಯೇ. ಹತ್ತನೆಯದು ಇನ್ನೂ ಸೊಗಸು.

"ಮುಂದೊಂದು ದಿನ ಈ ಕೋಣೆ ಕೆಡವಿದರೂ ಹಳೇ ಮನೆಯ ರೂಪ ಕೆಡಬಾರದು."

"ಇನ್ನೂ ಕಟ್ಟೇ ಇಲ್ಲವಲ್ಲ, ಸ್ವಾಮಿ!"

"ಅರ್ಜಿ ಮುಂದೂಡಲಾಗಿದೆ."

"ಹೋಗಲಿ, ಒಳಗಿನ ಅಡುಗೆಮನೆಗೆ ಗಿಳಿಹಸಿರು ಬಳಿಯಲೇ?"

"ಧಾರಾಳವಾಗಿ! ಒಳಾಂಗಣ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ."