ಸಿಡಿಯದ ಸಾಸಿವೆ

ಶನಿವಾರ ರಾತ್ರಿ ಒಂಬತ್ತೂವರೆಗೆ, ಮಾಡಲು ಬೇರೆ ಕೆಲಸವಿದ್ದುದರಿಂದ, ಲ್ಯಾಪ್‌ಟಾಪಿನ ಮೂಲೆಯಲ್ಲಿದ್ದ ಪುಟಾಣಿ ಬ್ಯಾಟರಿ ಚಿತ್ರದ ಮೇಲೆ ಕರ್ಸರ್ ತಂದಿಟ್ಟೆ. ‘60%, ಪ್ಲಗ್ಡ್ ಇನ್, ನಾಟ್ ಚಾರ್ಜಿಂಗ್’ ಎಂದಿತು. ಅಂದರೆ, ಪಂಕ್ತಿಯಲ್ಲಿ ಕೂತಿದ್ದೇನೆ, ಎಲೆ ಹಾಕಿದ್ದಾರೆ, ಬಡಿಸಿದ್ದೂ ಆಯಿತು, ಆದರೆ ಉಣ್ಣುವುದಿಲ್ಲ. ಮುನಿಸಿಕೊಂಡ ಬೀಗರು ಹೀಗೆ ಮಾಡುತ್ತಾರೆಂದು ಕೇಳಿದ್ದೆ. ಬ್ಯಾಟರಿ ಮಾಡಿದ್ದನ್ನು ಕಂಡದ್ದು ಅದೇ ಮೊದಲು. ಅಲ್ಲಿಗೇ ಮುಚ್ಚಿಟ್ಟು ಮಲಗಿದ್ದರೆ ನನ್ನ ಹಲ್ಲು ಉಳಿಯುತ್ತಿತ್ತು. ಮಲಗಲಿಲ್ಲ. ಎದೆ ಮುಟ್ಟಿಕೊಂಡು ಹೇಳಿ, ನೀವಾದರೂ ಮಲಗುತ್ತಿದ್ದಿರಾ?

ಮೊದಲ ಅನುಮಾನ ಪ್ಲಗ್ಗಿನ ಮೇಲೆ. ಕಂಕುಳಲ್ಲಿ ಲ್ಯಾಪ್‌ಟಾಪು, ಹಿಂದೆ ಬಾಲದಂತೆ ಎಳೆದುಕೊಂಡು ಬರುವ ಚಾರ್ಜರು. ಹೀಗೆ ಮನೆಯ ಪ್ಲಗ್ಗುಗಳಿಗೆಲ್ಲ ಪ್ರದಕ್ಷಿಣೆ ಬಂದೆ. ಹಾಲ್ ಆಯಿತು, ರೂಮು ಆಯಿತು, ಸೀರಿಯಲ್ ಸೆಟ್ ಕಿತ್ತು ದೇವರಮನೆಯೂ ಆಯಿತು. ಕೊನೆಗೆ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಪ್ಲಗ್ ಕಿತ್ತು ಅಲ್ಲಿಯೂ ಚುಚ್ಚಿ ನೋಡಿದೆ. ಎಲ್ಲೆಲ್ಲೂ ಅದೇ 60. ಬೇಜಾರಿನಿಂದ ಹೊರಬಂದೆ. ಫ್ರಿಜ್ಜಿನ ಪ್ಲಗ್ಗನ್ನು ಮತ್ತೆ ಚುಚ್ಚಬೇಕಿತ್ತೆಂದು ಹೊಳೆದದ್ದು ಬೆಳಗ್ಗೆ, ದೋಸೆ ಹಿಟ್ಟು ಬಾಗಿಲ ಸಂದಿಯಿಂದ ತಾನೇ ಈಚೆ ಬಂದು ನೆನಪಿಸಿದಾಗ.

ಇಂಥ ಕಾಯಿಲೆಗೆ ಬಲ್ಲವರು ಹೇಳುವ ಮನೆಮದ್ದೊಂದಿದೆ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ನನ್ನು 30 ಸೆಕೆಂಡು ಒತ್ತಿ ಹಿಡಿಯಬೇಕು. ಒಳಗೆ ಉಳಿದ ಚೂರುಪಾರು ಕರೆಂಟೆಲ್ಲ ಬಸಿದುಹೋಗಿ, ಬ್ಯಾಟರಿಯ ಲೆಕ್ಕ ಬರೆಯುವ ಚಿಪ್ಪು ಹೊಸದಾಗಿ ಕಣ್ಣು ಬಿಡುತ್ತದೆ. ಒಳ್ಳೆಯ ಮದ್ದು. ‘ಆಫ್ ಮಾಡಿ’ ಎಂಬ ಎರಡೇ ಎರಡು ಪದ ನನ್ನ ಕಣ್ಣಿಗೆ ಬೀಳಲಿಲ್ಲ, ಅಷ್ಟೆ. ಐದು ಎಣಿಸುವಷ್ಟರಲ್ಲಿ ಸ್ಕ್ರೀನು ಕಪ್ಪಾಯಿತು. ಭಲೇ, ಕೆಲಸ ಮಾಡುತ್ತಿದೆ ಎಂದುಕೊಂಡು ಹುರುಪಿನಿಂದ ಮೂವತ್ತರವರೆಗೂ ಎಣಿಸಿದೆ. ಸೇವ್ ಮಾಡದೆ ತೆರೆದಿಟ್ಟಿದ್ದ ನನ್ನ ಲೇಖನವೂ ಕರೆಂಟಿನ ಜೊತೆ ಬಸಿದುಹೋಗಿತ್ತು. ವಿಷಯ: ‘ಆತುರಗಾರನಿಗೆ ಬುದ್ಧಿ ಮಟ್ಟ’.

ಇನ್ನೊಂದು ಮದ್ದೆಂದರೆ, ಡಿವೈಸ್ ಮ್ಯಾನೇಜರ್ ಎಂಬ ಉಗ್ರಾಣಕ್ಕೆ ಹೋಗಿ ಬ್ಯಾಟರಿಯ ಡ್ರೈವರನ್ನು ಅನ್‌ಇನ್‌ಸ್ಟಾಲ್ ಮಾಡುವುದು. ರೀಸ್ಟಾರ್ಟ್ ಮಾಡಿದರೆ ಅದು ತವರಿಗೆ ಹೋದಂತೆ ಹೋಗಿ ತಾನಾಗಿ ಮರಳುತ್ತದೆ. ರಾತ್ರಿ ಹನ್ನೊಂದು ಗಂಟೆ, ಕನ್ನಡಕ ಟಿವಿ ಮೇಲೆ. ನಾನು ಬೀಳ್ಕೊಟ್ಟದ್ದು ಟಚ್‌ಪ್ಯಾಡನ್ನು. ಕರ್ಸರ್ ಇದ್ದಲ್ಲೇ ಅಹಲ್ಯೆಯಾಯಿತು. ರೀಸ್ಟಾರ್ಟ್ ಒತ್ತೋಣವೆಂದರೆ ಒತ್ತಲಿಕ್ಕೆ ಕರ್ಸರೇ ಬೇಕಲ್ಲ! ಮತ್ತೆ ಪವರ್ ಬಟನ್. ಅಷ್ಟು ಹೊತ್ತಿಗೆ ಅದರಲ್ಲಿ ಪಳಗಿದ್ದೆ.

ಕೊನೆಗೆ ಬ್ಯಾಟರಿ ರಿಪೋರ್ಟ್ ತೆಗೆಸಿದೆ. ವಿಂಡೋಸಿಗೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಬ್ಯಾಟರಿ ಹುಟ್ಟಿದಾಗ ಎಷ್ಟು ಹಿಡಿಯುತ್ತಿತ್ತು, ಈಗೆಷ್ಟು ಹಿಡಿಯುತ್ತದೆ ಎಂದು ಜಾತಕ ಬರೆದುಕೊಡುತ್ತದೆ. ಹುಟ್ಟಿದಾಗ 50 ವ್ಯಾಟ್ ಅವರ್, ಈಗ 44. ಗಟ್ಟಿಮುಟ್ಟಾದ ಆಳು! ಯಾವ ಡಾಕ್ಟರಾದರೂ ಬೆನ್ನು ತಟ್ಟಿ ಮನೆಗೆ ಕಳಿಸುತ್ತಿದ್ದರು. ನಾನು ಆಪರೇಷನ್ ನಿಶ್ಚಯಿಸಿದೆ.

ಆಯುಧ, ಹೊಲಿಗೆ ಮೆಷಿನ್ನಿನ ಸ್ಕ್ರೂಡ್ರೈವರ್. ಲ್ಯಾಪ್‌ಟಾಪಿನ ಬೆನ್ನಿಗೆ 11 ಸ್ಕ್ರೂ, ಕಪ್ಪಗೆ, ಅಕ್ಕಿಕಾಳಿಗಿಂತ ಚಿಕ್ಕವು. ಕಳೆದುಹೋಗಬಾರದೆಂದು (ಈ ಮುಂಜಾಗ್ರತೆಯನ್ನು ದಯವಿಟ್ಟು ಗಮನಿಸಬೇಕು) ಒಗ್ಗರಣೆ ಡಬ್ಬಿಯನ್ನೇ ತಂದಿಟ್ಟುಕೊಂಡು, ಖಾಲಿಯಾಗಿದ್ದ ಜೀರಿಗೆ ಬಟ್ಟಲಿಗೆ ಒಂದೊಂದಾಗಿ ಹಾಕಿದೆ. ಬ್ಯಾಟರಿಯ ಕನೆಕ್ಟರನ್ನು ಉಗುರಿನಿಂದ ಮೀಟಿ, ಉಫ್ ಎಂದು ಊದಿ, ಮತ್ತೆ ಒತ್ತಿದೆ. ‘ಟಕ್’ ಎಂದು ಕೂತ ಸದ್ದಾಯಿತು. ಸದ್ದು ಬಂದದ್ದು ನನ್ನ ಬೆರಳಿನ ಗಿಣ್ಣಿನಿಂದ ಎಂಬುದು ಎರಡು ದಿನದ ಮೇಲೆ ತಿಳಿಯಿತು. ಗೆದ್ದ ಖುಷಿಯಲ್ಲಿ ತಿರುಗುವಾಗ ಮೊಣಕೈ ಡಬ್ಬಿಗೆ ತಾಗಿ, ಜೀರಿಗೆ ಬಟ್ಟಲಿನ ಸ್ಕ್ರೂಗಳೆಲ್ಲ ಪಕ್ಕದ ಬಟ್ಟಲಿಗೆ ವಲಸೆ ಹೋದವು. ಪಕ್ಕದ ಬಟ್ಟಲು ಸಾಸಿವೆಯದು.

ನಡುರಾತ್ರಿ ಮೊಬೈಲ್ ಟಾರ್ಚಿನಲ್ಲಿ ಸಾಸಿವೆಯಿಂದ ಸ್ಕ್ರೂ ಆರಿಸಿದ್ದೀರಾ? ಒಂಬತ್ತು ಸಿಕ್ಕವು. ಅವುಗಳಲ್ಲಿ ಉದ್ದನೆಯದೊಂದನ್ನು ಗಿಡ್ಡ ತೂತಿಗೆ ತಿರುಪಿದೆನಾಗಿ, ಕೀಬೋರ್ಡಿನ ಕಡೆ ಸೊಳ್ಳೆ ಕಚ್ಚಿದಂಥ ಗುಬುಟು ಎದ್ದಿತು. ಉಸಿರು ಬಿಗಿಹಿಡಿದು ಆನ್ ಮಾಡಿದೆ. ‘ನೋ ಬ್ಯಾಟರಿ ಈಸ್ ಡಿಟೆಕ್ಟೆಡ್.’ ಒಂಬತ್ತೂವರೆಗೆ 60 ಇತ್ತು. ಮೂರೂವರೆ ಗಂಟೆ ಬೆವರು ಸುರಿಸಿ ಬ್ಯಾಟರಿಯೇ ಇಲ್ಲ ಎನ್ನುವಲ್ಲಿಗೆ ತಂದು ನಿಲ್ಲಿಸಿದ್ದೆ.

ಹಿಟ್ಟು ನೆಲದ ಪಾಲಾದ್ದರಿಂದ ಭಾನುವಾರ ದೋಸೆಯಿಲ್ಲ, ಒಗ್ಗರಣೆ ಅವಲಕ್ಕಿ. ತಪ್ಪುದಂಡವಾಗಿ ಅಡುಗೆ ನನ್ನದು. ಎಣ್ಣೆ ಕಾಯಿತು, ಸಾಸಿವೆ ಚಟಪಟ ಸಿಡಿಯಿತು. ಎರಡು ಕಾಳು ಮಾತ್ರ ಬಾಣಲೆಯ ತಳದಲ್ಲಿ ಗಂಭೀರವಾಗಿ ಕೂತಿದ್ದವು. ಹಳೇ ಸಾಸಿವೆ ಎಂದು ಗೊಣಗಿ ಅವಲಕ್ಕಿ ಸುರಿದೆ. ನಾನು ಮಾಡಿದ ಅಡುಗೆಯನ್ನು ಮೊದಲು ನಾನೇ ತಿನ್ನಬೇಕೆಂಬುದು ನಮ್ಮ ಮನೆಯ ಹಳೆಯ ಕಟ್ಟಳೆ. ಮೂರನೇ ತುತ್ತಿಗೆ ಎಡದವಡೆಯಲ್ಲಿ ‘ಕಟಕ್’. ಈ ಸಲ ಸದ್ದು ಎಲ್ಲಿಂದ ಬಂತೆಂಬ ಬಗ್ಗೆ ಅನುಮಾನವೇ ಇರಲಿಲ್ಲ.

ಸೋಮವಾರ, ಉಬ್ಬಿದ ಕೆನ್ನೆಯೊಂದಿಗೆ ಚಿಕ್ಕಪೇಟೆ ಮೆಟ್ರೊ ಇಳಿದು ಎಸ್.ಪಿ. ರೋಡಿಗೆ ನಡೆದೆ. ರಿಪೇರಿ ಅಂಗಡಿಯ ಹುಡುಗ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿದ. ಮೂರು ಸಾಸಿವೆ ಕಾಳು ಉರುಳಿ ಗಾಜಿನ ಮೇಲೆ ನಿಂತವು. ಅವನು ಅವುಗಳನ್ನು ನೋಡಿದ, ನನ್ನನ್ನು ನೋಡಿದ, ಏನೂ ಕೇಳಲಿಲ್ಲ. ಆ ಸಜ್ಜನಿಕೆಗೆ ಇವತ್ತಿಗೂ ಋಣಿ. ಕನೆಕ್ಟರನ್ನು ಹೆಬ್ಬೆರಳಲ್ಲಿ ಒತ್ತಿದ, ಆನ್ ಮಾಡಿದ, 60 ಬಂತು. ಅಲ್ಲೇ ನಿಂತಿತು. ಅವನು ಎಲ್ಲೋ ಒಳಹೊಕ್ಕು ನೋಡಿ, ‘ಸಾರ್, ಅರುವತ್ತಕ್ಕೇ ನಿಲ್ಲಲಿ ಅಂತ ಯಾರೋ ಲಿಮಿಟ್ ಹಾಕಿದ್ದಾರೆ. ಒಳ್ಳೇದೇ ಅದು’ ಎಂದ.

‘ಯಾರೋ ಏನೋ!’ ಎಂದು ನಾನೂ ತಲೆ ಕೊಡವಿದೆ.

ಆ ಯಾರೋ ಹೋದ ದೀಪಾವಳಿ ರಜೆಯಲ್ಲಿ ಲಿಥಿಯಂ ಅಯಾನ್ ಬ್ಯಾಟರಿಯ ಬಗ್ಗೆ ಓದಿಕೊಂಡಿದ್ದ. ಅದನ್ನು ರೂಪಿಸಿದ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು, ಅವರಲ್ಲೊಬ್ಬರಾದ ಜಾನ್ ಗುಡ್‌ಇನಫ್ ಅವರಿಗೆ ಆಗ 97 ವರ್ಷ, ಈ ಬ್ಯಾಟರಿಯನ್ನು ಸದಾ ಹೊಟ್ಟೆ ಬಿರಿಯೆ ತುಂಬಿಟ್ಟರೆ ಬೇಗ ಮುಪ್ಪು ಹಿಡಿಯುತ್ತದೆ ಎಂದೆಲ್ಲ ಲಿಫ್ಟಿನಲ್ಲಿ ಸಿಕ್ಕವರಿಗೆ ಉಪನ್ಯಾಸ ಕೊಟ್ಟು, ತನ್ನ ಲ್ಯಾಪ್‌ಟಾಪಿಗೆ 60ರ ಮಿತಿ ಹಾಕಿ, ಮರೆತುಬಿಟ್ಟಿದ್ದ. ‘ಇಷ್ಟು ಸಾಕು’ ಎಂದು ಆ ಮಹಾನುಭಾವರ ಹೆಸರೇ ಹೇಳುತ್ತಿತ್ತು, ಕೇಳಿಸಿಕೊಳ್ಳಬೇಕಲ್ಲ.

ಹುಡುಗ ಮಿತಿ ತೆಗೆದ. ಕಣ್ಣೆದುರೇ 61 ಆಯಿತು. ತಡೆಯಲಾರದೆ ಮನೆಗೆ ಫೋನು ಮಾಡಿದೆ: ‘ಅರುವತ್ತೊಂದು!’

‘ಸರಿ, ಬರ್ತಾ ಅರ್ಧ ಕೆಜಿ ಸಾಸಿವೆ ತನ್ನಿ.’