ಸೊನ್ನೆ ಅಂದ್ರೆ ನಾನಿಲ್ಲ ಅಂತ

ಮಂಡ್ಯ ಸೀಮೆಯ ಒಂದು ಸಕ್ಕರೆ ಕಾರ್ಖಾನೆ. ಬಾಯ್ಲರಿನ ಹೊಗೆ ಎಳೆದು ಚಿಮಣಿಗೆ ನೂಕುವ ದೈತ್ಯ ಫ್ಯಾನು. ಅದರ ಬೇರಿಂಗಿನ ನೆತ್ತಿಯ ಮೇಲೆ ಕೂತಿರುವ, ಹೆಬ್ಬೆರಳು ಗಾತ್ರದ ಕಂಪನ ಸೆನ್ಸರನ್ನು ಕಬ್ಬು ನುರಿಸುವ ಹಂಗಾಮಿನ ನಡುವೆ ಮಾತಾಡಿಸಿದೆ.

ನಿಮ್ಮ ಕೆಲಸ?

ಅದುರೋದು. ಹೊಟ್ಟೇಲಿ ಒಂದು ಹರಳಿದೆ. ಹಿಂಡಿದರೆ ವಿದ್ಯುತ್ತು ಒಸರುತ್ತೆ. 1880ರಲ್ಲಿ ಕ್ಯೂರಿ ಸಹೋದರರು ಕಂಡುಕೊಂಡ ಗುಣ. ಇಲ್ಲಿ ಕಬ್ಬಿನ ಜೊತೆ ನಾನೂ ಹಿಂಡಿಸಿಕೊಳ್ತೀನಿ.

ಹಳೇ ಫಿಟ್ಟರು ಸ್ಕ್ರೂಡ್ರೈವರಿನ ಹಿಡಿಯನ್ನ ಕಿವಿಗಿಟ್ಟು ಫ್ಯಾನಿಗೆ ಏನಾಗಿದೆ ಅಂತ ಹೇಳ್ತಾರಲ್ಲ?

ಅವರು ನನ್ನ ಗುರುಗಳು ಸ್ವಾಮಿ. ಆದರೆ ಗುರುಗಳಿಗೆ ಶಿಫ್ಟು ಮುಗಿಯುತ್ತೆ. ಫ್ಯಾನು ನಿಮಿಷಕ್ಕೆ 960 ಸುತ್ತು, ಅಂದರೆ ಸೆಕೆಂಡಿಗೆ 16. ನಡುಕವೂ ಸರಿಯಾಗಿ 16 ಸಲ ಬಂದರೆ ಬಹುಪಾಲು ರೆಕ್ಕೆ ತೂಕ ತಪ್ಪಿದೆ ಅಂತಲೇ. ಬಾಯ್ಲರಿನಲ್ಲಿ ಉರಿದ ಕಬ್ಬಿನ ಸಿಪ್ಪೆಯ ಬೂದಿ ಒಂದು ಮಗ್ಗುಲಿಗೆ ಮೆತ್ತಿಕೊಂಡಿರುತ್ತೆ. ಅದಕ್ಕಿಂತ ಬಹಳ ಚುರುಕಾದ ನಡುಕವಾದರೆ ಬೇರಿಂಗಿನೊಳಗೇ ಗಾಯ. ಈ ವಿವರ ಬೇಕಾದೋರು ಅನಲೈಸರ್ ಹಿಡಿದು ಇಲ್ಲಿಗೇ ಬರಬೇಕು. ಕಂಟ್ರೋಲ್ ರೂಮಿಗೆ ಹೋಗೋದು ಒಟ್ಟು ನಡುಕದ ಒಂದೇ ಅಂಕಿ, ಎರಡು ತಂತಿ ಮೇಲೆ, 4ರಿಂದ 20 ಮಿಲಿಆಂಪಿಯರ್. ಫ್ಯಾನು ನಿಂತಿದ್ದರೆ 4.

ಸೊನ್ನೆಯಿಂದಲೇ ಶುರು ಮಾಡಬಹುದಿತ್ತು.

ಸೊನ್ನೆ ಬಂದರೆ ಇಲಿ ತಂತಿ ಕಡಿದಿದೆ ಅಂತ. ಯಂತ್ರ ಸುಮ್ಮನಿರೋದು ಬೇರೆ, ನಾನೇ ಸತ್ತಿರೋದು ಬೇರೆ. ನಿಮ್ಮ ಕಚೇರಿಗಳಲ್ಲಿ ‘ಯಾವ ದೂರೂ ಬಂದಿಲ್ಲ’ ಅಂತಾರಲ್ಲ, ಅದು 4ರದ್ದೋ ಸೊನ್ನೇದೋ ತಿಳಿಯೋದೇ ಇಲ್ಲ ನೋಡಿ.

ಈಗ ನಡುಕ ಎಷ್ಟಿದೆ?

ಸೆಕೆಂಡಿಗೆ 6.8 ಮಿಲಿಮೀಟರ್ ವೇಗ. 4.5ಕ್ಕೆ ಅಲಾರಂ, 7.1ಕ್ಕೆ ಫ್ಯಾನು ತಾನಾಗೇ ನಿಲ್ಲಬೇಕು ಅಂತ ಇಲ್ಲಿ ಹಾಕಿಟ್ಟಿದ್ದಾರೆ.

ಅಲಾರಂ ಕೇಳ್ತಿಲ್ಲವಲ್ಲ?

ಬಜರಿನ ಬಾಯಿಗೆ ಟೇಪು ಬಿದ್ದಿದೆ. ಗೇಟಿನಾಚೆ ಕಬ್ಬಿನ ಗಾಡಿಗಳು ಸಾಲುಗಟ್ಟಿವೆ, ಕಬ್ಬು ಒಣಗಿದರೆ ರೈತನಿಗೆ ತೂಕ ಹೋಯ್ತು. ಆ ಸಂಕಟ ನನಗೂ ಗೊತ್ತು. ಆದರೆ ಬೂದಿ ಕೆರೆಯೋಕೆ ಬೇಕಾದ್ದು ಒಂದು ಶಿಫ್ಟು. ಬೇರಿಂಗ್ ಸಿಡಿದರೆ ದಿನಗಟ್ಟಲೆ. ‘ಹಂಗಾಮು ಮುಗೀಲಿ’ ಅಂತಾರೆ.

ಹೇಗೂ 7.1ಕ್ಕೆ ನಿಲ್ಲುತ್ತಲ್ಲ?

ಫ್ಯಾನು ನಿಲ್ಲಿಸೋ ತಂತಿಗೆ ನಿನ್ನೆ ರಾತ್ರಿ ಬೈಪಾಸ್ ಆಯ್ತು. ಲಾಗ್ ಪುಸ್ತಕದಲ್ಲಿ ಕಾರಣ ಬರೆದಿದ್ದಾರೆ: ‘ಸೆನ್ಸರ್ ದೋಷ’.

ಅಷ್ಟರಲ್ಲಿ ಆಪರೇಟರ್ ಓಡಿಬಂದು ನನ್ನ ತೋಳು ಹಿಡಿದು ಎಳೆದರು: “ಸೊಲ್ಪ ಈಚೆಗ್ ಬನ್ನಿ ಸಾ, ಅಲ್ಲಿ ನೆಲ ಅದುರ್ತದೆ.”