ಆಸಿಲೋಸ್ಕೋಪ್ ಜೀರ್ಣೋದ್ಧಾರ ಮೀಮಾಂಸೆ

ಯಾವ ಶಾಸ್ತ್ರವನ್ನೇ ಆಗಲಿ ಆರಂಭಿಸುವ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನೂ ಹೇಳಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ವಿಷಯ: 1970ರ ದಶಕದ ಟೆಕ್ಟ್ರಾನಿಕ್ಸ್ 465 ಮೊದಲಾದ ಹಳೆಯ ಆಸಿಲೋಸ್ಕೋಪುಗಳಿಗೆ ಮರಳಿ ಜೀವ ಬರಿಸುವುದು. ಅಧಿಕಾರಿ: ಸುಮಾರು 10 ಕಿಲೋ ತೂಗುವ ಪೆಟ್ಟಿಗೆಯನ್ನು ಮನೆಯವರ ಕಣ್ಣು ತಪ್ಪಿಸಿ ಒಳಗೆ ತರಬಲ್ಲವನು. ಸಂಬಂಧ: ಮನೆಯವರೊಂದಿಗೆ ಕೆಡುತ್ತದೆ. ಪ್ರಯೋಜನವನ್ನು ಕಡೆಯಲ್ಲಿ ನಿರೂಪಿಸಲಾಗುವುದು.

ಮೊದಲ ಆಕ್ಷೇಪ ನೈಯಾಯಿಕರದು. ಕೆಟ್ಟ ಸ್ಕೋಪಿನ ರೋಗ ಹಿಡಿಯಲು ಸರಿಯಿರುವ ಇನ್ನೊಂದು ಸ್ಕೋಪ್ ಬೇಕು, ಅದು ಸರಿಯಿದೆಯೆಂದು ತಿಳಿಯಲು ಮೂರನೆಯದು, ಅದಕ್ಕೆ ನಾಲ್ಕನೆಯದು. ಇದು ಅನವಸ್ಥಾ ದೋಷವಲ್ಲವೆ? ಹೌದು. ನಮ್ಮ ಶಾಸ್ತ್ರಜ್ಞರು ಈ ದೋಷವನ್ನು ಅಲ್ಲಗಳೆಯುವುದಿಲ್ಲ, ಅಟ್ಟದ ಮೇಲೆ ಪೇರಿಸಿಡುತ್ತಾರೆ. ಮೀಮಾಂಸಕರ ಉತ್ತರ ಬೇರೆ: ವೇದದಂತೆ ಸ್ಕೋಪೂ ಸ್ವತಃಪ್ರಮಾಣ. ಅದರ ಮುಖದ ಮೇಲೆಯೇ ಕ್ಯಾಲಿಬ್ರೇಟರ್ ಎಂಬ ಪುಟ್ಟ ಕುಣಿಕೆಯಿದ್ದು 1 ಕಿಲೋಹರ್ಟ್ಸಿನ ಚೌಕ ಅಲೆಯನ್ನು ಹೊರಗೆ ಕೊಡುತ್ತದೆ. ಪ್ರೋಬನ್ನು ಅದಕ್ಕೆ ಸಿಕ್ಕಿಸಿದರೆ ಸ್ಕೋಪು ತನ್ನ ಪರವಾಗಿ ತಾನೇ ಸಾಕ್ಷಿ ನುಡಿಯುತ್ತದೆ. ಆರೋಪಿಯೇ ಸಾಕ್ಷಿಯಾಗುವುದು ಕೋರ್ಟಿನಲ್ಲಿ ಸುಲಭವಾಗಿ ನಡೆಯದು. ರಿಪೇರಿ ಮೇಜಿನ ಮೇಲೆ ಧಾರಾಳವಾಗಿ ನಡೆಯುತ್ತದೆ.

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸುವವರೂ ಇದೇ ನೈಯಾಯಿಕರು. ಅವರು ರಿಫಾ ಕಂಪನಿಯ ಕಾಗದದ ಕೆಪಾಸಿಟರನ್ನು ಕಂಡವರಲ್ಲ. ಕರೆಂಟ್ ಒಳಬರುವ ಬಾಗಿಲಲ್ಲಿ ಕೂತಿರುವ ಇದರ ಮೈ ವರ್ಷಗಳುರುಳಿದಂತೆ ಬಿರುಕು ಬಿಡುತ್ತದೆ, ಒಳಗಿನ ಕಾಗದ ತೇವ ಹೀರುತ್ತದೆ. ಬಹುಕಾಲದ ಮೇಲೆ ಸ್ವಿಚ್ ಹಾಕಿದಾಗ ಢಬ್ ಎಂದು ಸಿಡಿದು ಕೋಣೆ ತುಂಬ ನಾರುವ ಹೊಗೆ ಕಾರುತ್ತದೆ. ಉಪಕರಣ ಮಾತ್ರ ಎಷ್ಟೋ ಸಲ ಏನೂ ನಡೆದಿಲ್ಲವೆಂಬಂತೆ ಓಡುತ್ತಲೇ ಇರುತ್ತದೆ. ತರ್ಕಶಾಸ್ತ್ರಕ್ಕೆ ಇಷ್ಟು ದೊಡ್ಡ ಪೆಟ್ಟನ್ನು ಬೌದ್ಧರೂ ಕೊಟ್ಟಿರಲಾರರು.

ಆದ್ದರಿಂದ ಸ್ವಿಚ್ ಹಾಕುವ ಮುನ್ನ, ಕರೆಂಟಿನ ದಾರಿಯಲ್ಲಿ ಕೂರಿಸಿದ ಸೀರೀಸ್ ಬಲ್ಬಿನ ದೀಪಾರಾಧನೆ ಕಡ್ಡಾಯ. ಹಳೆಯ ತಂತಿಬಲ್ಬು ಝಗ್ಗೆಂದು ಉರಿದೇ ಉರಿದರೆ ಒಳಗೆ ಶಾರ್ಟ್. ಒಮ್ಮೆ ಹೊಳೆದು ಮಂಕಾದರೆ ಶುಭಶಕುನ. ಬಲ್ಬನ್ನು ಹೀಗಳೆಯಬೇಡಿ. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಮೊದಲ ಸರಕಾದ 200ಎ ಆಸಿಲೇಟರು ಅಲೆಯ ಎತ್ತರವನ್ನು ಹದ್ದಿನಲ್ಲಿಟ್ಟದ್ದು ಒಂದು ಬಲ್ಬಿನಿಂದಲೇ. ಅದರ ತಮ್ಮ 200ಬಿಯನ್ನು ಡಿಸ್ನಿಯವರು ‘ಫ್ಯಾಂಟೇಸಿಯಾ’ ಚಿತ್ರಕ್ಕಾಗಿ ಎಂಟು ಕೊಂಡರು.

ಇನ್ನು ಮತಭೇದ. ಹಳೆಯ ಕೆಪಾಸಿಟರುಗಳನ್ನೆಲ್ಲ ಒಂದೇ ಸಲಕ್ಕೆ ಕಿತ್ತು ಹೊಸದು ಹಾಕಬೇಕೆನ್ನುವವರು ಸರ್ವನಾಶವಾದಿಗಳು. ರಿಪೇರಿ ಮುಗಿದಾಗ ಮೂಲ ರೋಗದ ಜೊತೆಗೆ ಅವರದೇ ನಾಲ್ಕು ಹೊಸ ರೋಗ ಸೇರಿರುತ್ತವೆ. ಸತ್ತದ್ದನ್ನು ಮಾತ್ರ ಕೀಳುವವರು ಮೃತಮಾತ್ರವಾದಿಗಳು. ಶಾರ್ಟಾದ ಒಂದೇ ಒಂದು ಹನಿಯಾಕಾರದ ಟ್ಯಾಂಟಲಮ್ ಕೆಪಾಸಿಟರ್ ಇಡೀ ಸಪ್ಲೈಯನ್ನು ಮಲಗಿಸಬಲ್ಲದೆಂಬ ಅನುಭವ ಇವರ ಬಲ. ನನ್ನ ಒಲವು ಇವರ ಕಡೆ. ಮೂರನೆಯವರು ಸಿದ್ಧರು: ಹಳೆಯ ಡಬ್ಬಿಯ ಕರುಳು ತೆಗೆದು, ಒಳಗೆ ಹೊಸ ಕೆಪಾಸಿಟರ್ ಅಡಗಿಸಿ, ಹೊರಗೆ 1958ರ ಮುಖವನ್ನೇ ಉಳಿಸುತ್ತಾರೆ. ಪರಕಾಯ ಪ್ರವೇಶಕ್ಕೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಬೇರೆಲ್ಲೂ ಸಿಗದು.

ಮಡಿಯ ವಿಚಾರ. ವಾಲ್ವ್ ಕಾಲದ ಸ್ಕೋಪುಗಳನ್ನು ಟೆಕ್ಟ್ರಾನಿಕ್ಸಿನವರೇ ಸಾಬೂನು ನೀರಲ್ಲಿ ತೊಳೆದು, ಬಿಸಿ ಗೂಡಿನಲ್ಲಿ ಒಣಗಿಸುತ್ತಿದ್ದರು. ಅಭ್ಯಂಜನವನ್ನು ಮೂಢನಂಬಿಕೆ ಎನ್ನುವವರು ಗಮನಿಸಬೇಕು. ಒಳಗಿನ ಪಿಂಗಾಣಿ ಪಟ್ಟಿಗಳಿಗೆ ಮಾತ್ರ ಬೆಳ್ಳಿ ಬೆರೆತ ಸೋಲ್ಡರೇ ಆಗಬೇಕು. ಮಾಮೂಲಿ ಸೋಲ್ಡರು ಪಟ್ಟಿಯ ಬೆಳ್ಳಿಯನ್ನು ಕರಗಿಸಿ ಎಳೆದುಕೊಳ್ಳುತ್ತದೆ, ಹಿಡಿತ ಸಡಿಲುತ್ತದೆ. ಇದನ್ನರಿತೇ ಕಾರ್ಖಾನೆಯವರು ಬೆಳ್ಳಿ ಸೋಲ್ಡರಿನ ಸುರುಳಿಯೊಂದನ್ನು ಪೆಟ್ಟಿಗೆಯೊಳಗೇ ಇಟ್ಟು ಕಳಿಸುತ್ತಿದ್ದರು. ತನ್ನ ಸರಕು ಮುಂದೆ ಕೆಡುತ್ತದೆಂದು ಒಪ್ಪಿಕೊಂಡ ಕಾರ್ಖಾನೆಗೆ ನಮಸ್ಕಾರ.

ಪ್ರಯೋಜನ: ಸರಿಹೋದ ಸ್ಕೋಪಿನಿಂದ ಮತ್ತೊಂದು ಕೆಟ್ಟ ಸ್ಕೋಪನ್ನು ರಿಪೇರಿ ಮಾಡಬಹುದು. ಅನಧಿಕಾರಿಗಳಲ್ಲಿ ಒಂದು ವಿಜ್ಞಾಪನೆ: ಚಿತ್ರನಳಿಗೆಗೆ ಹೋಗುವುದು ಸಾವಿರಾರು ವೋಲ್ಟ್, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ, ಒಂದು ಕೈ ಜೇಬಿನಲ್ಲಿರಲಿ. ಇದಕ್ಕೆ ಪೂರ್ವಪಕ್ಷವಿಲ್ಲ.